ಕೆಮ್ಮಿದ್ದಕ್ಕೇ ಹೊಟ್ಟೆಯೊಳಗೆ ರಕ್ತ?

ಮದಲೂರು ಕಡೆಯವರೇ, ಹಾರ್ಟ್ ಆಪರೇಷನ್‌ನಲ್ಲಿ ಲೋಹದ ವಾಲ್ವ್ ಹಾಕಿಸಿಕೊಂಡವರು ನಿಮ್ಮ ಮನೇಲಿದ್ದಾರಾ? ದಿನಾ ವಾರ್ಫರಿನ್ನೋ ಅಸಿಟ್ರೋಮೋ ನುಂಗ್ತಾರಲ್ಲ, ಅವರನ್ನೂ ಕರೀರಿ.

'ರಕ್ತ ತೆಳು ಮಾಡೋ ಮಾತ್ರೆ' ಅಂತೀವಿ. ರಕ್ತ ನೀರಾಗಲ್ಲ, ಹೆಪ್ಪುಗಟ್ಟೋದು ತಡವಾಗುತ್ತೆ ಅಷ್ಟೆ. ಇದರ ಮೂಲ ದನದ ಕೊಟ್ಟಿಗೆ! 1920ರ ದಶಕದಲ್ಲಿ ಅಮೆರಿಕ, ಕೆನಡಾದಲ್ಲಿ ಬೂಸಲು ಹಿಡಿದ ಮೇವು ತಿಂದ ದನಗಳು ರಕ್ತ ಸೋರಿ ಸಾಯ್ತಿದ್ದವು. ಆ ಜಾಡು ಹಿಡಿದು ಬಂದ ವಾರ್ಫರಿನ್ ಮೊದಲು ಇಲಿ ಪಾಷಾಣ, ಆಮೇಲೆ 1954ರಲ್ಲಿ ಮನುಷ್ಯರ ಔಷಧಿ.

ಈ ಮಾತ್ರೆ ನುಂಗೋರಿಗೆ ಒಸಡಲ್ಲಿ, ಮೂಗಲ್ಲಿ ಬರೋ ರಕ್ತ ಕಣ್ಣಿಗೆ ಕಾಣುತ್ತೆ. ಒಳಗೇ ಸೋರೋ ಅಪರೂಪದ್ದು ಕಾಣಲ್ಲ. ಜೋರಾಗಿ ಕೆಮ್ಮಿರ್ತಾರೆ, ಹೊಟ್ಟೆಯ ಮುಂಭಾಗದ ಸ್ನಾಯುವಿನಲ್ಲಿ ರಕ್ತ ತುಂಬ್ಕೊಳ್ಳುತ್ತೆ. ಒಂದು ಪಕ್ಕ ಗಟ್ಟಿ ಗಂಟು, ತಡೆಯಲಾರದ ನೋವು. ಗ್ಯಾಸ್ ಅಂತ ಸೋಡಾ ಕುಡಿದು ಮಲಗಿಬಿಡ್ತಾರೆ! ಸೊಂಟದೊಳಗಿನ ಸ್ನಾಯುವಿನಲ್ಲಾದರೆ ಕಾಲು ಚಾಚೋಕಾಗಲ್ಲ. ಕರುಳಿನ ಗೋಡೆಯಲ್ಲಾದರೆ ಹೊಟ್ಟೆನೋವು, ವಾಂತಿ.

ಆಗ ನೋವಿನ ಇಂಜೆಕ್ಷನ್ ಚುಚ್ಚಿಸ್ಕೋಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ, ಆಸ್ಪತ್ರೇಲಿ ಮಾತ್ರೆ ಚೀಟಿ ಮೊದಲು ತೋರಿಸಿ. ರಕ್ತ ಎಷ್ಟು ತಡವಾಗಿ ಹೆಪ್ಪುಗಟ್ಟುತ್ತೆ ಅಂತ ನೋಡೋ ಐಎನ್‌ಆರ್ ರಕ್ತಪರೀಕ್ಷೆ ಮಾಡ್ತಾರೆ. ಡಾಕ್ಟರನ್ನ ಕೇಳದೆ ಮಾತ್ರೆ ನಿಲ್ಲಿಸಬೇಡಿ, ವಾಲ್ವ್ ಮೇಲೆ ಹೆಪ್ಪು ಕೂತರೆ ಲಕ್ವ ಹೊಡೀಬಹುದು.

ಮುದ್ದೆ ಜೊತೆ ಸೊಪ್ಪಿನ ಸಾರು? ಉಣ್ಣಿ. ವಾರವೆಲ್ಲ ಬಿಟ್ಟು ಒಂದೇ ದಿನ ಬಟ್ಟಲುಗಟ್ಟಲೆ ಬೇಡ, ಮಾತ್ರೆಯ ಕೆಲಸ ತಗ್ಗುತ್ತೆ.