ಕಾಣದ ಹುಲಿಯ ಲೆಕ್ಕ

ಕಾಡಿನ ಒಂದು ಜಾಗಕ್ಕೆ ಐದು ಸಲ ಹೋಗಿ ಹುಡುಕಿದ್ರೂ ಹುಲಿಯ ಹೆಜ್ಜೆಗುರುತು ಸಿಗಲಿಲ್ಲ. ಅಲ್ಲಿ ಹುಲಿ ಇಲ್ಲ ಅಂತ ಬರೆದುಬಿಡಬಹುದಾ? ಲೆಕ್ಕ ಹಾಕಿ ನೋಡಿ. ಹುಲಿ ಇರುವ ಜಾಗದಲ್ಲಿ ಒಂದು ಭೇಟಿಗೆ ಗುರುತು ಸಿಗುವ ಸಂಭವನೀಯತೆ 0.1 ಇದ್ದರೆ, ಐದೂ ಸಲ ತಪ್ಪಿಹೋಗುವ ಸಂಭವನೀಯತೆ 0.9ರ ಐದನೇ ಘಾತ, ಅಂದರೆ ಸುಮಾರು 0.59. ಹುಲಿ ಇದ್ದೂ, ಅರ್ಧಕ್ಕಿಂತ ಹೆಚ್ಚು ಸಲ ನಾವು ‘ಇಲ್ಲ’ ಅಂತಲೇ ಬರೆದು ಬರ್ತೀವಿ.

ಇದಕ್ಕೆ 2002ರಲ್ಲಿ ಮೆಕೆಂಜಿ ಮತ್ತು ಸಂಗಡಿಗರು ಆಕ್ಯುಪೆನ್ಸಿ ಮಾಡೆಲ್ ಕೊಟ್ಟರು. ಅದರಲ್ಲಿ ಎರಡು ಸಂಖ್ಯೆಗಳಿವೆ. ಪ್ರಾಣಿ ಆ ಜಾಗದಲ್ಲಿ ಇರುವ ಸಂಭವನೀಯತೆ ‘ಸೈ’. ಇದ್ದರೆ ನಮಗೆ ಸಿಗುವ ಸಂಭವನೀಯತೆ ‘ಪಿ’. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದಾಗ ಬರುವ 0-1ಗಳ ಸಾಲಿನಿಂದ ಎರಡನ್ನೂ ಅಂದಾಜು ಮಾಡ್ತಾರೆ.

ತೊಂದರೆ ಶುರುವಾಗೋದು 1ಗಳು ತೀರಾ ಕಡಿಮೆ ಇದ್ದಾಗ. 100 ಜಾಗ, ತಲಾ 5 ಭೇಟಿ. 10 ಜಾಗಗಳಲ್ಲಿ ಮಾತ್ರ, ಅದೂ ಒಂದೊಂದೇ ಸಲ ಗುರುತು ಸಿಕ್ಕಿದೆ ಅಂದ್ಕೊಳ್ಳಿ. ಎಲ್ಲೂ ಎರಡನೇ ಸಲ ಸಿಗದ ಕಾರಣ ಮಾಡೆಲ್ ‘ಪಿ’ಯನ್ನು ತುಂಬಾ ಇಳಿಸಿ, ‘ಸೈ’ಯನ್ನು 1ರವರೆಗೆ ತಳ್ಳುತ್ತೆ: ಎಲ್ಲಾ ಜಾಗದಲ್ಲೂ ಹುಲಿ! ಕೋಡ್ ಓಡಿರುತ್ತೆ, ಉತ್ತರ ಮಾತ್ರ ನಂಬೋ ಹಾಗಿರಲ್ಲ.

ಆಗ ಏನು ಮಾಡಬಹುದು? ಕ್ಯಾಮೆರಾ ಟ್ರ್ಯಾಪ್‌ನ ದಿನದ ದಾಖಲೆಗಳನ್ನು ವಾರಕ್ಕೊಂದರಂತೆ ಒಟ್ಟುಗೂಡಿಸಿದರೆ ಸೊನ್ನೆಗಳು ಕಡಿಮೆಯಾಗಿ ಲೆಕ್ಕ ಸರಾಗವಾಗುತ್ತೆ. ಆದರೆ ಹೊಸ ಮಾಹಿತಿ ಹುಟ್ಟಲ್ಲ. ಮಳೆ, ಎತ್ತರ, ರಸ್ತೆಯ ದೂರ ಅಂತ ಹತ್ತು ಕೋವೇರಿಯೇಟ್ ತುಂಬುವ ಬದಲು ಒಂದೆರಡು ಸಾಕು. ಹಲವು ಪ್ರಾಣಿಗಳನ್ನು ಒಂದೇ ಮಾಡೆಲ್‌ನಲ್ಲಿ ಸೇರಿಸಿದರೆ, ಹೆಚ್ಚು ಕಂಡ ಪ್ರಾಣಿಗಳ ಡೇಟಾ ಅಪರೂಪದ್ದಕ್ಕೆ ಆಸರೆಯಾಗುತ್ತೆ. ಬೇಸಿಯನ್ ವಿಧಾನದಲ್ಲಿ ಹಿಂದಿನ ಅಧ್ಯಯನಗಳ ‘ಪಿ’ಯನ್ನು ಪ್ರಯರ್ ಆಗಿ ಕೊಡಬಹುದು. ಆದರೆ ಪ್ರಯರ್ ಬದಲಿಸಿದ ಕೂಡಲೇ ಉತ್ತರವೂ ಬದಲಾದರೆ, ನಮ್ಮ ಡೇಟಾ ಏನೂ ಹೇಳ್ತಿಲ್ಲ ಅಂತಲೇ ಅರ್ಥ.

ಎಲ್ಲಕ್ಕಿಂತ ಗಟ್ಟಿ ಮದ್ದು ಅಂದರೆ ಕಾಲ್ನಡಿಗೆ. ಉಲ್ಲಾಸ ಕಾರಂತ ಮತ್ತು ತಂಡ 2011ರಲ್ಲಿ ಪ್ರಕಟಿಸಿದ ಮಲೆನಾಡಿನ ಅಧ್ಯಯನಕ್ಕಾಗಿ 205 ಚೌಕಗಳಲ್ಲಿ 4,174 ಕಿ.ಮೀ. ನಡೆದು ಹುಲಿಯ ಗುರುತು ಹುಡುಕಿದ್ದರು. ಕಂಡ ಕಡೆ ಮಾತ್ರ ಹುಲಿ ಇದೆ ಅನ್ನೋ ಹಳೇ ಲೆಕ್ಕ, ಹುಲಿಯ ನೆಲೆಯನ್ನು ಶೇ. 47ರಷ್ಟು ಕಡಿಮೆ ತೋರಿಸ್ತಿತ್ತು ಅಂತ ಅವರು ಕಂಡುಕೊಂಡರು.

ನಾಳೆ ನಮ್ಮಲ್ಲೇ ಯಾರಾದರೂ ಕಾಡಿನೊಳಗೆ ಹೋಗುವ ರಸ್ತೆಯ ಯೋಜನಾ ವರದಿಗೆ ಸಹಿ ಹಾಕ್ತೀವಿ. ಅದರಲ್ಲಿ ‘ವನ್ಯಜೀವಿ ಕಂಡುಬಂದಿಲ್ಲ’ ಅಂತ ಒಂದು ಸಾಲು ಇದ್ದರೆ, ಎಷ್ಟು ಸಲ ಹೋಗಿದ್ರಿ, ಇದ್ದಿದ್ದರೆ ಸಿಗುವ ಸಂಭವ ಎಷ್ಟಿತ್ತು ಅಂತ ಕೇಳಿಯೇ ಪೆನ್ನು ತೆಗೆಯೋಣ.