ಮೂವತ್ತು ಸಾವಿರ ಅಡಿಯ ಎಂಜಿನ್

ಇಂಗ್ಲೆಂಡಿನ ಡಕ್ಸ್‌ಫರ್ಡ್ ವಾಯುನೆಲೆಯಲ್ಲಿ ವಿಮಾನ ಪ್ರದರ್ಶನ ನಡೆದಾಗ ಜನ ಕತ್ತೆತ್ತಿ ಕಾಯುವುದು ಸ್ಪಿಟ್‌ಫೈರ್‌ಗಾಗಿ. ಎರಡನೇ ಮಹಾಯುದ್ಧದ ಈ ಫೈಟರ್ ಕೆಲವೇ ನೂರು ಅಡಿ ಎತ್ತರದಲ್ಲಿ ಹಾದುಹೋಗುವಾಗ ಅದರ ಮರ್ಲಿನ್ ಎಂಜಿನ್ನಿನ ಸದ್ದು ಎದೆಗೂಡಿಗೇ ತಟ್ಟುತ್ತದೆ. ಆದರೆ ಅಷ್ಟು ಜೋರಾಗಿ ಗರ್ಜಿಸುವಾಗಲೂ ಎಂಜಿನ್ನಿನ ಮೂತಿ ಅರ್ಧ ಮುಚ್ಚಿರುತ್ತದೆ. ಯುದ್ಧದ ಉತ್ತರಾರ್ಧದಲ್ಲಿ ಬಂದ ಹಲವು ಮರ್ಲಿನ್‌ಗಳನ್ನು ಕಟ್ಟಿದ್ದು ಒಂಬತ್ತು ಕಿಲೋಮೀಟರ್ ಮೇಲಿನ ತೆಳುಗಾಳಿಗಾಗಿ. ನೆಲದ ಹತ್ತಿರದ ದಟ್ಟ ಗಾಳಿಯನ್ನು ಅವಕ್ಕೆ ಬೇಕಾದಷ್ಟು ಕೊಟ್ಟರೆ ಎಂಜಿನ್ನೇ ಉಳಿಯುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ರೋಲ್ಸ್-ರಾಯ್ಸ್ ಮರ್ಲಿನ್‌ಗೆ ಹನ್ನೆರಡು ಸಿಲಿಂಡರ್, ಒಟ್ಟು ಗಾತ್ರ 27 ಲೀಟರ್. ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಗಾಳಿ ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 3,000 ಸುತ್ತು ಎಂದರೆ ನಿಮಿಷಕ್ಕೆ 40,000 ಲೀಟರ್‌ಗೂ ಹೆಚ್ಚು ಗಾಳಿ. ಸಮುದ್ರಮಟ್ಟದಲ್ಲಿ ಇದರ ತೂಕ ಸುಮಾರು 50 ಕಿಲೋ. 30,000 ಅಡಿಯಲ್ಲಿ ಅಷ್ಟೇ ಲೀಟರ್ ಗಾಳಿ 20 ಕಿಲೋ ಕೂಡ ತೂಗುವುದಿಲ್ಲ. ಪೆಟ್ರೋಲನ್ನೇನೋ ಸುರಿಯಬಹುದು, ಅದು ಉರಿಯಲು ಆಮ್ಲಜನಕ ಬೇಕಲ್ಲ! ಹಾಗಾಗಿ ಮೇಲೇರಿದಂತೆಲ್ಲ ಸಾಮಾನ್ಯ ಪಿಸ್ಟನ್ ಎಂಜಿನ್ ಸೊರಗುತ್ತದೆ.

ಸೂಪರ್‌ಚಾರ್ಜರ್ ಇರುವುದು ಈ ಕೊರತೆ ತುಂಬಲಿಕ್ಕೆ. ಎಂಜಿನ್ನಿನ ಹಿಂಭಾಗದಲ್ಲಿ ಸುಮಾರು ಒಂದಡಿ ಅಗಲದ ಚಕ್ರವೊಂದು ಕೂತಿರುತ್ತದೆ. ಅದರ ಮೈಮೇಲೆ ಬಾಗಿದ ರೆಕ್ಕೆಗಳು. ಚಕ್ರ ಗಾಳಿಯನ್ನು ನಡುವಿನಿಂದ ಎಳೆದು ಅಂಚಿಗೆ ಎಸೆಯುತ್ತದೆ. ಹಾಗೆ ಎಸೆದ ಗಾಳಿ ಹೊರಗಿನ ಅಗಲವಾಗುವ ದಾರಿಗಳಲ್ಲಿ ನಿಧಾನವಾಗುತ್ತ ತನ್ನ ವೇಗವನ್ನು ಒತ್ತಡವಾಗಿ ಬದಲಿಸಿಕೊಳ್ಳುತ್ತದೆ. ಮರ್ಲಿನ್ 61 ಎಂಬ ಮಾದರಿಯಲ್ಲಿ ಸೂಪರ್‌ಚಾರ್ಜರಿನ ಮೇಲಿನ ಗೇರ್ ಹಾಕಿದಾಗ ಚಕ್ರ ಎಂಜಿನ್ನಿನ ಎಂಟು ಪಟ್ಟು ವೇಗದಲ್ಲಿ, ನಿಮಿಷಕ್ಕೆ ಸುಮಾರು 24,000 ಸುತ್ತು ತಿರುಗುತ್ತಿತ್ತು. ಅಂಚಿನ ವೇಗ ಶಬ್ದದ ವೇಗವನ್ನೂ ದಾಟುತ್ತಿತ್ತು. ಇದು ಬಿಟ್ಟಿ ಶಕ್ತಿಯಲ್ಲ. ಚಕ್ರವನ್ನು ತಿರುಗಿಸಲಿಕ್ಕೇ ಎಂಜಿನ್ ನೂರಕ್ಕೂ ಹೆಚ್ಚು ಅಶ್ವಶಕ್ತಿ ತೆರಬೇಕು.

ಇದನ್ನು ಪಳಗಿಸಿದವರಲ್ಲಿ ಮುಖ್ಯ ಹೆಸರು ಸ್ಟ್ಯಾನ್ಲಿ ಹೂಕರ್. 1938ರಲ್ಲಿ ಡರ್ಬಿಯ ರೋಲ್ಸ್-ರಾಯ್ಸ್ ಕಾರ್ಖಾನೆಗೆ ಬಂದಾಗ ಅವರು ಎಂಜಿನಿಯರ್ ಆಗಿರಲಿಲ್ಲ, ದ್ರವ ಮತ್ತು ಅನಿಲಗಳ ಹರಿವಿನ ಗಣಿತ ಬಲ್ಲವರು. ಮುಂದೆ ತಮ್ಮ ಆತ್ಮಕಥೆಗೂ ‘ನಾಟ್ ಮಚ್ ಆಫ್ ಆ್ಯನ್ ಎಂಜಿನಿಯರ್’ ಎಂದೇ ಹೆಸರಿಟ್ಟರು. ಗಾಳಿ ಒಳಬರುವ ದಾರಿ, ಚಕ್ರ ದಾಟಿದ ಮೇಲಿನ ದಾರಿ ಎರಡನ್ನೂ ಲೆಕ್ಕ ಹಾಕಿ ತಿದ್ದಿದರು. ಕಾರ್ಖಾನೆಯ ಅನುಭವಿಗಳು ಕಣ್ಣಳತೆಯಲ್ಲಿ ಹುಡುಕುತ್ತಿದ್ದುದು ಕಾಗದದ ಮೇಲೆ ಸಿಕ್ಕಿತು.

ಅಷ್ಟರಲ್ಲಿ, 1941ರಲ್ಲಿ, ಜರ್ಮನಿಯ ಫಾಕ-ವುಲ್ಫ್ 190 ಬಂದು ಸ್ಪಿಟ್‌ಫೈರ್‌ಗಳನ್ನು ಕಂಗೆಡಿಸಿತು. ಪರಿಹಾರ ಬಂದದ್ದು ಎತ್ತರದಲ್ಲಿ ಹಾರುವ ವೆಲಿಂಗ್ಟನ್ ಬಾಂಬರಿಗೆಂದು ತಯಾರಾಗುತ್ತಿದ್ದ ಎಂಜಿನ್ನಿನಿಂದ. ಅದರಿಂದ ಬಂದ ಮರ್ಲಿನ್ 61ರಲ್ಲಿ ಒಂದರ ಹಿಂದೆ ಒಂದರಂತೆ ಎರಡು ಚಕ್ರ, ಎರಡು ಗೇರ್. ಮೊದಲ ಚಕ್ರ ಒತ್ತಿದ ಗಾಳಿಯನ್ನು ಎರಡನೆಯದು ಮತ್ತೆ ಒತ್ತುತ್ತದೆ. ಸೈಕಲ್ ಪಂಪು ಹೊಡೆದವರಿಗೆಲ್ಲ ಗೊತ್ತು, ಒತ್ತಿದ ಗಾಳಿ ಬಿಸಿಯಾಗುತ್ತದೆ. ಬಿಸಿಯಾದ ಗಾಳಿ ಹಿಗ್ಗಿದರೆ ಒತ್ತಿದ್ದೇ ದಂಡ. ಆದ್ದರಿಂದ ಸಿಲಿಂಡರಿಗೆ ಹೋಗುವ ಮೊದಲು ಅದನ್ನು ತಂಪು ಮಾಡಲು ಇಂಟರ್‌ಕೂಲರ್ ಸೇರಿಸಿದರು. 30,000 ಅಡಿಯಲ್ಲಿ ಹಿಂದಿನ ಮರ್ಲಿನ್ 45ಕ್ಕಿಂತ ಸುಮಾರು 300 ಅಶ್ವಶಕ್ತಿ ಹೆಚ್ಚು ಸಿಕ್ಕಿತು. ಇದನ್ನು ಹೊತ್ತ ಸ್ಪಿಟ್‌ಫೈರ್ 9 ದಳಗಳಿಗೆ ತಲುಪಿದ್ದು 1942ರ ಬೇಸಿಗೆಯಲ್ಲಿ. ಪ್ರದರ್ಶನದಲ್ಲಿ ಅದನ್ನು ಗುರುತಿಸುವುದು ಸುಲಭ: ಎರಡೂ ರೆಕ್ಕೆಗಳ ಕೆಳಗೆ ಒಂದೇ ಅಳತೆಯ ರೇಡಿಯೇಟರ್ ಪೆಟ್ಟಿಗೆಗಳಿರುತ್ತವೆ. ಹಿಂದಿನ ಮಾದರಿಯಲ್ಲಿ ಒಂದು ಕಡೆಯದು ಸಣ್ಣದು.

ಅಮೆರಿಕನ್ನರು ಇನ್ನೊಂದು ದಾರಿ ಹಿಡಿದರು. ಥಂಡರ್‌ಬೋಲ್ಟ್ ಫೈಟರ್‌ನಲ್ಲಿ ಎಂಜಿನ್ ಉಗುಳುವ ಬಿಸಿ ಹೊಗೆಯನ್ನು ಕೊಳವೆಗಳಲ್ಲಿ ಪೈಲಟ್ಟಿನ ಹಿಂದಕ್ಕೆ ಒಯ್ದು, ಅದರಿಂದಲೇ ಟರ್ಬೈನ್ ತಿರುಗಿಸಿ, ಒತ್ತಿದ ಗಾಳಿಯನ್ನು ಮತ್ತೆ ಮೂತಿಗೆ ತರುತ್ತಿದ್ದರು. ಅಷ್ಟು ಕೊಳಾಯಿ ಹೊತ್ತೇ ಆ ವಿಮಾನದ ಹೊಟ್ಟೆ ಅಷ್ಟು ದಪ್ಪ. ಇದರ ಪರಿಚಯ ಬೆಂಗಳೂರಿಗೂ ಇತ್ತು. 1944ರಲ್ಲಿ ಬರ್ಮಾ ರಂಗದ ಬ್ರಿಟಿಷ್ ದಳಗಳು ಹರಿಕೇನ್ ಬಿಟ್ಟು ಥಂಡರ್‌ಬೋಲ್ಟ್ ಹಾರಿಸುವುದನ್ನು ಕಲಿತದ್ದು ಯಲಹಂಕದಲ್ಲಿ. ಯಲಹಂಕವೇ ಸಮುದ್ರಮಟ್ಟದಿಂದ 3,000 ಅಡಿ ಮೇಲಿದೆ. ಅಲ್ಲಿನ ಗಾಳಿ ಮಂಗಳೂರಿನದಕ್ಕಿಂತ ನೂರಕ್ಕೆ ಎಂಟೊಂಬತ್ತು ಪಾಲು ತೆಳು.

ಇನ್ನು ಅರ್ಧ ಮುಚ್ಚಿದ ಮೂತಿಯ ವಿಷಯ. ಎತ್ತರಕ್ಕೆಂದು ಮಾಡಿದ ಸೂಪರ್‌ಚಾರ್ಜರ್ ಕೆಳಗೆ ಗಾಳಿಯನ್ನು ಅತಿಯಾಗಿ ತುರುಕುತ್ತದೆ. ಆಗ ಸಿಲಿಂಡರಿನೊಳಗೆ ಸ್ಪಾರ್ಕಿನಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ನಮ್ಮ ಮೆಕ್ಯಾನಿಕ್‌ಗಳು ‘ನಾಕಿಂಗ್’ ಅನ್ನುವುದು ಇದನ್ನೇ. ಸ್ಕೂಟರಿನಲ್ಲಿ ಅದು ಬರೀ ಕಿರಿಕಿರಿ, ಮರ್ಲಿನ್‌ನಲ್ಲಿ ಪಿಸ್ಟನ್ನಿಗೆ ತೂತು ಬೀಳಬಹುದು. ಅದಕ್ಕಾಗಿ ಒತ್ತಡ ಮಿತಿ ಮೀರದಂತೆ ಗಾಳಿಯ ಬಾಗಿಲನ್ನು, ಅಂದರೆ ಥ್ರಾಟಲ್ಲನ್ನು, ತಾನಾಗಿ ಮುಚ್ಚಿ ಹಿಡಿಯುವ ಸಾಧನವಿದೆ. ವಿಮಾನ ಏರಿದಂತೆ ಅದು ಬಾಗಿಲನ್ನು ಸ್ವಲ್ಪ ಸ್ವಲ್ಪವೇ ತೆರೆಯುತ್ತದೆ, ಒಂದು ಎತ್ತರದಲ್ಲಿ ಪೂರ್ತಿ.

ಯುದ್ಧದಲ್ಲಿ ಆ ಮಿತಿಯನ್ನೇ ಎಳೆದೆಳೆದು ಹಿಗ್ಗಿಸಿದರು. ನಾಕಿಂಗ್ ತಡೆಯುವ ಸೀಸದ ಸಂಯುಕ್ತ ಬೆರೆಸಿದ ಒಳ್ಳೆಯ ಪೆಟ್ರೋಲ್ ಬಂದಂತೆ ಮರ್ಲಿನ್ 66ಕ್ಕೆ ಚದರ ಇಂಚಿಗೆ 18 ಪೌಂಡ್ ಹೆಚ್ಚುವರಿ ಒತ್ತಡ, 1944ರಲ್ಲಿ 25 ಪೌಂಡ್. ವಾತಾವರಣದ ಸಹಜ ಒತ್ತಡ 15 ಪೌಂಡಿಗೂ ಕಡಿಮೆ ಎಂಬುದನ್ನು ನೆನೆಯಿರಿ. ಎಂಜಿನ್ ಬೇಗ ಸವೆದರೆ ಸವೆಯಲಿ, ಬೇರೆಯದು ಬರುತ್ತಿತ್ತು. ಒಟ್ಟು ಸುಮಾರು ಒಂದೂವರೆ ಲಕ್ಷ ಮರ್ಲಿನ್‌ಗಳು ತಯಾರಾದವು. ಅದರಲ್ಲಿ 55,000 ಅಮೆರಿಕದ ಪ್ಯಾಕರ್ಡ್ ಕಾರ್ ಕಂಪನಿಯವು.

ಇವತ್ತು ಹಾಗೆ ಕಾರ್ಖಾನೆಯಿಂದ ಬರುವ ಎಂಜಿನ್ ಇಲ್ಲ. ಹಳೆಯ ಬಿಡಿಭಾಗ ಹುಡುಕಬೇಕು, ಸಿಗದಿದ್ದರೆ ಹೊಸದಾಗಿ ಕಡೆಯಬೇಕು. ಹಾಗಾಗಿ ಪುನರುಜ್ಜೀವನಗೊಂಡ ವಿಮಾನಗಳ ಪೈಲಟ್ಟುಗಳು ಯುದ್ಧಕಾಲದ ಮಿತಿಗಳ ಹತ್ತಿರವೂ ಸುಳಿಯುವುದಿಲ್ಲ. ಮೇಲಿನ ಗೇರಂತೂ ಪ್ರದರ್ಶನದಲ್ಲಿ ಬೇಕಾಗುವುದೇ ಇಲ್ಲ. ಹಾಗೆಂದು ತೀರಾ ಮೆತ್ತಗೆ ಓಡಿಸಿದರೂ ಕಷ್ಟ: ಪೆಟ್ರೋಲಿನ ಸೀಸ ಸ್ಪಾರ್ಕ್ ಪ್ಲಗ್ಗುಗಳ ಮೇಲೆ ಕಟ್ಟಿಕೊಳ್ಳುತ್ತದೆ. ಅಮೆರಿಕದ ರೀನೋ ವಿಮಾನ ಪಂದ್ಯದ ಓಟಗಾರರದು ಮಾತ್ರ ಬೇರೆಯದೇ ಜಾತಿ. 2023ರವರೆಗೆ ಅಲ್ಲಿ ಮಸ್ಟಾಂಗ್ ಫೈಟರ್‌ಗಳ ಮರ್ಲಿನ್ ಎಂಜಿನ್ನಿಗೆ ನೀರು-ಮೆಥನಾಲ್ ಚಿಮುಕಿಸಿ ತಂಪು ಮಾಡುತ್ತ, ಸಹಜ ಒತ್ತಡದ ಮೂರು ಪಟ್ಟಿಗೂ ಮೀರಿ ಗಾಳಿ ತುರುಕುತ್ತಿದ್ದರು. ನನಗೆ ಅದು ಸಾಹಸಕ್ಕಿಂತ ದುಂದುಗಾರಿಕೆಯಾಗಿಯೇ ಕಾಣುತ್ತದೆ.

ಈಗಿನ ಚಿಂತೆ ಆ ಸೀಸದ್ದೇ. ಅದು ವಿಷ. ಅಮೆರಿಕ 2030ರ ಕೊನೆಯೊಳಗೆ ವಿಮಾನದ ಪೆಟ್ರೋಲಿನಿಂದ ಅದನ್ನು ತೆಗೆಯುವ ಗುರಿ ಇಟ್ಟುಕೊಂಡಿದೆ. ಸೀಸವಿಲ್ಲದ 100 ಆಕ್ಟೇನ್ ಇಂಧನವೊಂದಕ್ಕೆ 2022ರಲ್ಲಿ ಅಲ್ಲಿನ ವಿಮಾನಯಾನ ಇಲಾಖೆ ಒಪ್ಪಿಗೆಯನ್ನೂ ಕೊಟ್ಟಿತು. ಸಣ್ಣ ತರಬೇತಿ ವಿಮಾನಗಳಲ್ಲಿ ಹಲವು ಇದಕ್ಕಿಂತ ಕಡಿಮೆ ಆಕ್ಟೇನ್‌ನಲ್ಲೂ ಹಾರಿಯಾವು. ಸೂಪರ್‌ಚಾರ್ಜರ್ ಹೊತ್ತ ಹಳೆಯ ಫೈಟರ್‌ಗೆ ಆ ಸಲೀಸಿಲ್ಲ. ಆಕ್ಟೇನ್, ಅಂದರೆ ಇಂಧನದ ನಾಕಿಂಗ್ ತಡೆಯುವ ಶಕ್ತಿ, ಇಳಿದಷ್ಟೂ ಅದರ ಥ್ರಾಟಲ್ ಇನ್ನಷ್ಟು ಮುಚ್ಚಬೇಕಾಗುತ್ತದೆ.