ಮನೆಯಲ್ಲೇ ಕಟ್ಟುವ ಕಾರಿಗೆ ದಾನಿ ಯಾರು?

ಮನೆ ಕಟ್ಟುವವರನ್ನು ನಾವೆಲ್ಲ ಕಂಡಿದ್ದೇವೆ. ಮನೆಯ ಹಿತ್ತಿಲಲ್ಲಿ ಮೋಟಾರುಕಾರು ಕಟ್ಟುವವರೂ ಉಂಟೆಂದರೆ ವಾಚಕರು ನಕ್ಕಾರು. ಆದರೆ ಪರದೇಶಗಳಲ್ಲಿ ಇದು ಬಹುಕಾಲದಿಂದ ನಡೆದುಬಂದ ಹವ್ಯಾಸ. ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ಲೋಟಸ್ ಸೆವೆನ್ ಎಂಬ ಪುಟ್ಟ ತೆರೆದ ಕಾರನ್ನು ಬಿಡಿಭಾಗಗಳಾಗಿಯೇ ಕೊಂಡು ಮನೆಯಲ್ಲಿ ಜೋಡಿಸಿಕೊಳ್ಳಬಹುದಾಗಿತ್ತು. ಹಾಗೆ ಕೊಂಡರೆ ಅಲ್ಲಿನ ಖರೀದಿ ತೆರಿಗೆಯೂ ತಪ್ಪುತ್ತಿತ್ತು. 1996ರಲ್ಲಿ ರಾನ್ ಚಾಂಪಿಯನ್ ಎಂಬವರು 250 ಪೌಂಡುಗಳಲ್ಲೇ ಅಂಥದೊಂದನ್ನು ಕಟ್ಟುವ ಬಗೆಯನ್ನು ಪುಸ್ತಕವಾಗಿ ಬರೆದರು. ಹಳೆಯ ಫೋರ್ಡ್ ಎಸ್ಕಾರ್ಟ್ ಒಂದನ್ನು ಬಿಚ್ಚಿ, ಅದರ ಎಂಜಿನ್, ಗೇರುಪೆಟ್ಟಿಗೆ, ಹಿಂದಿನ ಅಚ್ಚುಗಳನ್ನು ಹೊಸ ಉಕ್ಕಿನ ಚೌಕಟ್ಟಿಗೆ ಕೂಡಿಸುವುದು ಅವರ ಉಪಾಯ. ಹೀಗೆ ತನ್ನ ಅಂಗಾಂಗಗಳನ್ನು ಇನ್ನೊಂದಕ್ಕೆ ಒಪ್ಪಿಸುವ ಮುದಿ ವಾಹನವೇ ‘ದಾನಿ ಕಾರು’.

ಕನಕಪುರದಿಂದ ಸಾತನೂರಿನ ಮೇಲೆ, ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮಕ್ಕೆ ಹೋಗುವವರು ದೊಡ್ಡಆಲಹಳ್ಳಿಯನ್ನು ಹಾದುಹೋಗುತ್ತಾರೆ. ಮಾಗಿಯ ಬೆಳಗಿನಲ್ಲಿ ಆ ದಾರಿಯಲ್ಲಿ ಮೇಲುಹೊದಿಕೆಯಿಲ್ಲದ, ಎರಡೇ ಆಸನದ ಕಾರಿನಲ್ಲಿ ಸಾಗುವ ಆಸೆ ಯಾವ ತರುಣನಿಗಾದರೂ ಹುಟ್ಟೀತು. ಅಂಥ ತರುಣನೊಬ್ಬ ದೊಡ್ಡಆಲಹಳ್ಳಿಯ ತನ್ನ ಮನೆಯ ಕೊಟ್ಟಿಗೆಯನ್ನು ತೆರವು ಮಾಡಿಸಿ ಕೆಲಸಕ್ಕೆ ತೊಡಗುತ್ತಾನೆಂದು ಭಾವಿಸೋಣ. ‘ಎಷ್ಟು ಅಶ್ವಶಕ್ತಿಯ ಎಂಜಿನ್ ತರಲಿ?’ ಎಂಬುದೇ ಅವನ ಮೊದಲ ಪ್ರಶ್ನೆ. ವಾಸ್ತವದಲ್ಲಿ ಅದು ಮೂರನೆಯದಾಗಬೇಕು. ತೂಕವೆಷ್ಟು, ಎಂಜಿನ್ ಯಾವ ಚಕ್ರಗಳನ್ನು ತಿರುಗಿಸುತ್ತದೆ, ಇವೆರಡೂ ಅದಕ್ಕಿಂತ ಮುಂಚಿನವು.

ತೂಕದ ಮಹಿಮೆಗೆ ದೃಷ್ಟಾಂತ ನಮ್ಮ ಬೆಂಗಳೂರಿನಲ್ಲೇ ಇದೆ. 1982ರಲ್ಲಿ ಸಿಪಾನಿಯವರು ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ ‘ಡಾಲ್ಫಿನ್’ ತಯಾರಿಸಿದರು. ಗಾಜಿನಾರಿನ ಒಡಲು, ಅದರಡಿ ಪ್ರತ್ಯೇಕ ಚೌಕಟ್ಟು, 848 ಸಿ.ಸಿ.ಯ ಅಲ್ಯೂಮಿನಿಯಂ ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ: ಹವ್ಯಾಸಿಗೆ ಬೇಕಾದುದೆಲ್ಲ ಅದರಲ್ಲಿತ್ತು. ಆ ಎಂಜಿನ್ನನ್ನೇ ಇಂಗ್ಲೆಂಡಿನ ಹವ್ಯಾಸಿಗಳು ತಮ್ಮ ಸ್ವಹಸ್ತದ ಪಂದ್ಯದ ಕಾರುಗಳಲ್ಲಿ ಬಳಸಿದ್ದಾರೆ. ಮಾರುತಿ ಬಂದ ಮೇಲೆ ಡಾಲ್ಫಿನ್ನನ್ನು ಕೇಳುವವರಿಲ್ಲವಾಯಿತು. ಇಂದು ಎಲ್ಲಿಯಾದರೂ ಒಂದು ಸಿಕ್ಕರೆ ಅದನ್ನು ಬಿಚ್ಚುವುದು ಪಾಪವೆಂದೇ ನನ್ನ ಮತ, ಉಳಿದಿರುವುದನ್ನು ಉಳಿಸಬೇಕು.

ಹಾಗಾದರೆ ಮತ್ತಾವುದು? ಲೆಕ್ಕ ಹಾಕಿ ನೋಡಿ. ಹಿಂದುಸ್ತಾನ್ ಕಾಂಟೆಸಾದ 1.8 ಲೀಟರ್ ಎಂಜಿನ್ನಿಗೆ ಸುಮಾರು 88 ಅಶ್ವಶಕ್ತಿ. ಕಾರಿನ ತೂಕ 1200 ಕಿಲೋ ಆಸುಪಾಸು. ಒಂದೊಂದು ಕುದುರೆಯೂ ಹದಿಮೂರೂವರೆ ಕಿಲೋ ಹೊರಬೇಕು. ಹಳೆಯ ಮಾರುತಿಯ 796 ಸಿ.ಸಿ. ಎಂಜಿನ್ನಿಗೆ ಇರುವುದು 37ರಷ್ಟೇ. ಆದರೆ ಅದನ್ನು 500 ಕಿಲೋ ತೂಗುವ ಕಾರಿನಲ್ಲಿ ಕೂರಿಸಿದರೆ ಅಲ್ಲಿಯೂ ಕುದುರೆಗೆ ಹದಿಮೂರೂವರೆ ಕಿಲೋ! (ಚಾಲಕರ ಮೈತೂಕ ಸೇರಿಸಿದರೆ ಲೆಕ್ಕ ತುಸು ಕೆಡುತ್ತದೆ, ಅದಕ್ಕೆ ಅಡುಗೆಮನೆಯವರನ್ನು ದೂರಬಾರದು.) ಭಾರವಾದ ಎಂಜಿನ್ ತಂದವನು ಅದನ್ನು ಹೊರಲು ಭಾರವಾದ ಚೌಕಟ್ಟನ್ನೂ, ನಿಲ್ಲಿಸಲು ದೊಡ್ಡ ಬ್ರೇಕನ್ನೂ ತರಬೇಕಾಗುತ್ತದೆ. ಅಂಬಾಸಡರನ್ನು ಈ ಕಾರಣಕ್ಕೇ ಬಿಟ್ಟುಬಿಡಬಹುದು.

ಆ 796 ಸಿ.ಸಿ. ಎಂಜಿನ್ ಎರಡು ಬಗೆಯಲ್ಲಿ ಸಿಗುತ್ತದೆ. ಮಾರುತಿ 800ರಲ್ಲಿ ಅದು ಅಡ್ಡಲಾಗಿ ಕುಳಿತು ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ. ಓಮ್ನಿಯಲ್ಲಿ ಅದೇ ಎಂಜಿನ್ ಮುಂದಿನ ಆಸನಗಳ ಕೆಳಗೆ ಉದ್ದುದ್ದವಾಗಿ ಮಲಗಿ, ದಂಡದ ಮೂಲಕ ಹಿಂದಿನ ಅಚ್ಚಿಗೆ ಶಕ್ತಿ ಕಳುಹಿಸುತ್ತದೆ. ಲೋಟಸ್ ಮಾದರಿಯ ಕಾರಿಗೆ ಬೇಕಾದದ್ದು ಈ ಎರಡನೆಯ ಜೋಡಣೆಯೇ. ಹಾಲು, ತರಕಾರಿ, ಶಾಲೆಯ ಮಕ್ಕಳನ್ನು ಹೊತ್ತು ಸವೆದ ಓಮ್ನಿಯೊಳಗೆ ಪಂದ್ಯದ ಕಾರಿನ ಅಸ್ಥಿಪಂಜರ ಅಡಗಿದೆಯೆಂದು ಯಾರು ತಾನೆ ಊಹಿಸಿಯಾರು! ಕುಂದೊಂದಿದೆ: ಅದರ ಮುಂದಿನ ಸ್ಟ್ರಟ್‌ಗಳು ಎತ್ತರವಾಗಿದ್ದು, ತಗ್ಗಾದ ಮೂತಿಯ ಕಾರಿನಲ್ಲಿ ಹಿಡಿಸುವುದಿಲ್ಲ. ಮುಂಭಾಗಕ್ಕೆ ಮೇಲೊಂದು ಕೆಳಗೊಂದು ತೋಳಿರುವ ವ್ಯವಸ್ಥೆಯನ್ನು ಬೇರೆಯಾಗಿ ಮಾಡಿಸಬೇಕು. ಪ್ರೀಮಿಯರ್ ಪದ್ಮಿನಿಯಲ್ಲಿ ಅದು ಸಿದ್ಧವಾಗಿಯೇ ಉಂಟು, 1089 ಸಿ.ಸಿ. ಎಂಜಿನ್ನೂ ಹಿಂದಿನ ಚಕ್ರಗಳನ್ನೇ ತಿರುಗಿಸುತ್ತದೆ. ಆದರೆ ಎಲ್ಲವೂ ತೂಕ ಹೆಚ್ಚು, ಗೇರಿನ ಹಿಡಿ ಬಹುತೇಕ ಚುಕ್ಕಾಣಿಯ ಪಕ್ಕದಲ್ಲಿ. ಹಣವುಳ್ಳವರು ಜಿಪ್ಸಿಯ 1298 ಸಿ.ಸಿ. ಅಲ್ಯೂಮಿನಿಯಂ ಎಂಜಿನ್ ಹುಡುಕಬಹುದು.

ಮಾರುತಿ 800ರನ್ನೇ ದಾನಿಯಾಗಿಸುವವರು ಎಂಜಿನ್, ಗೇರುಪೆಟ್ಟಿಗೆಗಳನ್ನು ಒಟ್ಟಾಗಿ ಎತ್ತಿ ಚಾಲಕನ ಬೆನ್ನ ಹಿಂದೆ ಕೂರಿಸಬೇಕು. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ ಎಂಜಿನ್ ಬಳಸಿ ಒಂಟಿ ಆಸನದ ಪಂದ್ಯದ ಕಾರುಗಳನ್ನು ನಿರ್ಮಿಸಿದ್ದರು. ನಾರಾಯಣ್ ಕಾರ್ತಿಕೇಯನ್ ಎಳೆಯ ವಯಸ್ಸಿನಲ್ಲಿ ಸ್ಪರ್ಧಿಸಿದ್ದು ಫಾರ್ಮುಲಾ ಮಾರುತಿಯಲ್ಲೇ. ಆ 37 ಕುದುರೆಗಳನ್ನು ಹಗುರವಾಗಿ ಕಾಣುವವರು ಇದನ್ನು ನೆನೆಯಲಿ.

ಇನ್ನು ಕಹಿಯಾದ ಮಾತು. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣವು, ತಯಾರಕರು ನಿರ್ದಿಷ್ಟಪಡಿಸಿದ ಸ್ವರೂಪಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು; ಅದೇ ವರ್ಷದ ತಿದ್ದುಪಡಿ ಪ್ರತಿ ಮಾರ್ಪಾಟಿಗೆ 5000 ರೂಪಾಯಿ ದಂಡವನ್ನೋ ಆರು ತಿಂಗಳವರೆಗೆ ಸೆರೆಯನ್ನೋ ವಿಧಿಸಿದೆ. ಓಮ್ನಿಯ ನೋಂದಣಿ ಪತ್ರ ಹಿಡಿದು ಎರಡು ಆಸನದ ತೆರೆದ ಕಾರಿನಲ್ಲಿ ರಸ್ತೆಗಿಳಿದವನು, ಯಾರನ್ನಾದರೂ ತಾಕಿಸಿದ ದಿನ, ವಿಮೆಯ ಆಸರೆಯಿಲ್ಲದೆ ನಿಂತಾನು. ಆಗ ಹೋಗುವುದು ಅವನ ಕಾರಲ್ಲ, ಅಪ್ಪನ ಜಮೀನು. ಹೊಸ ಮಾದರಿಯೆಂದು ನೋಂದಾಯಿಸಲು ಪುಣೆಯ ಎ.ಆರ್.ಎ.ಐ.ಯಂಥ ಸಂಸ್ಥೆಗಳ ಪರೀಕ್ಷೆಗೆ ಒಳಪಡಿಸಬೇಕು. ಒಂದೇ ಕಾರು ಕಟ್ಟುವವನಿಗೆ ಅದು ನಿಲುಕದ ಮಾತು. ರಸ್ತೆಯ ಮೇಲೆ ತೆರೆದ ಕಾರೇ ಬೇಕೆಂದರೆ ಬಟ್ಟೆಹೊದಿಕೆಯ ಜಿಪ್ಸಿಯನ್ನು ಇದ್ದಂತೆಯೇ ಕೊಳ್ಳುವುದು ಲೇಸು.

ಆದ್ದರಿಂದ ನಮ್ಮ ತರುಣನ ಕಾರು ಸ್ವಂತ ತೋಟದ ಹಾದಿಗೆ, ಅನುಮತಿ ದೊರೆತರೆ ಪಂದ್ಯದ ಕಣಕ್ಕೆ ಮಾತ್ರ. ಇದರಿಂದ ಒಂದು ಅನುಕೂಲವೂ ಉಂಟು: ದಾನಿಯ ನೋಂದಣಿ ಎಷ್ಟು ವರ್ಷ ಉಳಿದಿದೆಯೆಂದು ನೋಡಿ ಹೆಚ್ಚು ಬೆಲೆ ತೆರಬೇಕಿಲ್ಲ, ಒಡಲು ತುಕ್ಕು ತಿಂದಿದ್ದರೂ ಚಿಂತೆಯಿಲ್ಲ. ಎಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆಗಳು ಪತ್ರದೊಂದಿಗೆ ತಾಳೆಯಾಗಬೇಕು; ಮಾರುವವನ ಹೆಸರೂ ಅದರಲ್ಲಿರಬೇಕು. ಎಂಜಿನ್ ತಣ್ಣಗಿರುವಾಗಲೇ ಹೋಗಿ ಚಾಲೂ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟವನಲ್ಲಿ ಏನೋ ಮುಚ್ಚುಮರೆಯಿದೆ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಎಣ್ಣೆಯ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯಂಥ ಲೋಳೆಯಿದ್ದರೆ ನೀರು ಸೇರಿರುವ ಶಂಕೆ. ಚೌಕಟ್ಟಿನ ಬೆಸುಗೆಯನ್ನು ಮಾತ್ರ ಕಿಟಕಿ ಗ್ರಿಲ್ ಮಾಡುವವನ ಕೈಗೆ ಕೊಡಬೇಡಿ.

ಸಂಗಮಕ್ಕೆ ಹೋಗಲು ಮನೆಯ ಓಮ್ನಿಯೇ ಗತಿ. ಅದನ್ನೇ ದಾನಿಯಾಗಿಸಕೂಡದೆಂದು ತಾಯಿ ಬೀಗದಕೈಯನ್ನು ಸೆರಗಿಗೆ ಕಟ್ಟಿಕೊಂಡರೆ, ನ್ಯಾಯ ಆಕೆಯ ಕಡೆಗೇ ಇದೆ.